ಆಲ್ಡರ್ ಎಲೆಯ ರಂಗೋಲಿ ಹುಳು: ಜೀರಿಗೆ ಗಾತ್ರದ ಅಪರೂಪದ ಪತಂಗ ಹುಡುಕುವುದು ಹೇಗೆ?

ಹಿತ್ತಲಲ್ಲಿ ನಿಂಬೆ ಗಿಡ ಇದ್ದವರಿಗೆ ರಂಗೋಲಿ ಹುಳು ಗೊತ್ತೇ ಇರುತ್ತದೆ. ಎಳೆ ಎಲೆ ಮುದುಡಿಕೊಂಡಿರುತ್ತದೆ. ಬಿಡಿಸಿ ನೋಡಿದರೆ ಬೆಳ್ಳಿ ಬಣ್ಣದ ಗೆರೆ, ಯಾರೋ ರಂಗೋಲಿ ಎಳೆಯುತ್ತಾ ಎಳೆಯುತ್ತಾ ಅರ್ಧಕ್ಕೆ ಎದ್ದು ಹೋದ ಹಾಗೆ. ಆ ಗೆರೆಯೊಳಗೆ ಒಂದು ಮರಿಹುಳು ಇರುತ್ತದೆ. ಎಲೆಯ ಮೇಲ್ಸಿಪ್ಪೆಗೂ ಒಳಗಿನ ಹಸಿರಿಗೂ ನಡುವೆ ಸುರಂಗ ಕೊರೆದು ಅಲ್ಲೇ ಉಂಡು ಅಲ್ಲೇ ಬೆಳೆಯುತ್ತದೆ. ದೊಡ್ಡದಾದ ಮೇಲೆ ಪುಟ್ಟ ಪತಂಗವಾಗಿ ಹಾರಿಹೋಗುತ್ತದೆ. ಪತಂಗವನ್ನು ನೋಡಿದವರು ಮಾತ್ರ ಬಹಳ ಕಮ್ಮಿ.

ನಾನು ಇಂಗ್ಲೆಂಡಿಗೆ ಬಂದ ಮೇಲೆ ಇದೇ ಕುಟುಂಬದ ಇನ್ನೊಂದು ಪತಂಗದ ಹಿಂದೆ ಬಿದ್ದೆ. ಹೆಸರು ಕ್ಯಾಲೊಪ್ಟಿಲಿಯಾ ಫಾಲ್ಕನಿಪೆನ್ನೆಲ್ಲಾ. 1813ರಲ್ಲಿ ಜರ್ಮನಿಯ ಜೇಕಬ್ ಹ್ಯೂಬ್ನರ್ ಇಟ್ಟ ಹೆಸರು ಇದು. ಅರ್ಥ ಏನು ಗೊತ್ತಾ? ‘ಗಿಡುಗನ ರೆಕ್ಕೆ’. ರೆಕ್ಕೆ ಬಿಚ್ಚಿದರೂ ಒಂದೂವರೆ ಸೆಂಟಿಮೀಟರ್ ಮುಟ್ಟದ, ಕೂತಾಗ ಜೀರಿಗೆ ಕಾಳಿಗಿಂತ ಒಂದಿಷ್ಟು ಉದ್ದ ಕಾಣುವ ಜೀವಕ್ಕೆ ಗಿಡುಗನ ಹೆಸರು! ಬ್ರಿಟನ್ನಿನಲ್ಲಿ ಇದು ದಕ್ಷಿಣ ಇಂಗ್ಲೆಂಡ್ ಮತ್ತು ವೇಲ್ಸ್ ಕಡೆ ಅಲ್ಲೊಂದು ಇಲ್ಲೊಂದು ಜಾಗದಲ್ಲಷ್ಟೇ ಸಿಗುತ್ತದೆ. ಆಲ್ಡರ್ ಮರ ಬಿಟ್ಟರೆ ಅದಕ್ಕೆ ಬೇರೆ ಮನೆ ಇಲ್ಲ.

ಇಲ್ಲಿ ನೆಲೆಸಿರುವ ಕನ್ನಡದವರು ಜಾಸ್ತಿ ಇದ್ದಾರೆ. ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಹೊಳೆದಂಡೆಗೆ ಕರೆದುಕೊಂಡು ಹೋಗುವವರೂ ಇದ್ದಾರೆ. ಅವರಿಗೆ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಊರಲ್ಲಿರುವವರು ನಿಂಬೆ ಗಿಡದ ಮೇಲೆ ಇದೇ ಕೆಲಸ ಮಾಡಬಹುದು. ಮರ ಬೇರೆ, ಹುಳು ಬೇರೆ. ಹುಡುಕುವ ಬಗೆ ಒಂದೇ.

ಮೊದಲೇ ಒಂದು ಮಾತು. ಪತಂಗವನ್ನು ಹುಡುಕಲು ಹೋಗಬೇಡಿ, ಎಲೆಯನ್ನು ಓದಿ. ಎಲೆ ವಿಳಾಸ ಕೊಡುತ್ತದೆ, ಅಷ್ಟೇ. ಒಳಗೆ ಯಾರಿದ್ದಾರೆ ಅನ್ನುವುದು ಪತಂಗ ಹೊರಗೆ ಬಂದ ಮೇಲೆಯೇ ಗೊತ್ತಾಗುವುದು.

1. ಸುಲಭದ ಮರದ ಮೇಲೆ ಕಣ್ಣು ಪಳಗಿಸಿ

ನೇರವಾಗಿ ಅಪರೂಪದ್ದಕ್ಕೇ ಕೈ ಹಾಕಿದರೆ ಒಂದೇ ದಿನಕ್ಕೆ ಬೇಜಾರಾಗುತ್ತದೆ. ಅದಕ್ಕೇ ಮೊದಲು ಹಾರ್ಸ್ ಚೆಸ್ಟ್‌ನಟ್ ಮರಕ್ಕೆ ಹೋಗಿ. ಪ್ರತಿ ಪಾರ್ಕಿನಲ್ಲೂ ಇರುತ್ತದೆ. ಜುಲೈ, ಆಗಸ್ಟ್ ಹೊತ್ತಿಗೆ ಅದರ ಎಲೆಯೆಲ್ಲ ಕಂದು ಪಟ್ಟೆ ಪಟ್ಟೆ ಆಗಿರುತ್ತದೆ. ಮರಕ್ಕೆ ನೀರು ಸಾಲದೆ ಒಣಗುತ್ತಿದೆ ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. ಅಲ್ಲ, ಅದು ಕ್ಯಾಮೆರೇರಿಯಾ ಒಹ್ರಿಡೆಲ್ಲಾ ಅನ್ನುವ ಪತಂಗದ ಕೆಲಸ. ಮ್ಯಾಸಿಡೋನಿಯಾದ ಒಹ್ರಿಡ್ ಸರೋವರದ ಹತ್ತಿರ ಮೊದಲು ಕಂಡದ್ದು, 2002ರಲ್ಲಿ ಲಂಡನ್ನಿನ ವಿಂಬಲ್ಡನ್ನಿಗೆ ಬಂದು ಮುಟ್ಟಿತು. ಈಗ ಇಂಗ್ಲೆಂಡಿನಲ್ಲಿ ಎಲ್ಲಿ ನೋಡಿದರೂ ಇದೆ.

ಒಂದು ಎಲೆ ಕಿತ್ತು ಆಕಾಶಕ್ಕೆ ಹಿಡಿದು ನೋಡಿ. ಕಂದು ಪಟ್ಟೆಯೊಳಗೆ ಕಪ್ಪು ಚುಕ್ಕೆಗಳು ಕಾಣುತ್ತವೆ, ಅದು ಹುಳುವಿನ ಹಿಕ್ಕೆ. ಚಪ್ಪಟೆಯಾದ ಹುಳುವೂ ನೆರಳಿನ ಹಾಗೆ ಕಾಣುತ್ತದೆ. ‘ಬೆಳಕಿಗೆ ಹಿಡಿದು ನೋಡುವುದು’ ಅನ್ನುವ ಈ ಒಂದು ಅಭ್ಯಾಸ ಕೈಗೆ ಹತ್ತಿತು ಅಂದರೆ ಅರ್ಧ ಕೆಲಸ ಮುಗಿದ ಹಾಗೆ.

2. ಆಲ್ಡರ್ ಮರ ಗುರುತಿಸಿ

ಆಲ್ಡರ್ ನೀರಿನ ಮರ. ಹೊಳೆದಂಡೆ, ಕೆರೆ ಅಂಚು, ಕಾಲಿಟ್ಟರೆ ಪಚಕ್ ಅನ್ನುವ ಜೌಗು, ಇಂಥ ಕಡೆ ಸಾಲಾಗಿ ನಿಂತಿರುತ್ತದೆ. ಪೂರ್ವ ಇಂಗ್ಲೆಂಡಿನ ನೀರುನಾಡು ನಾರ್ಫೋಕ್ ಬ್ರಾಡ್ಸ್ ಕಡೆ ಆಲ್ಡರಿನದ್ದೇ ಜೌಗು ಕಾಡುಗಳಿವೆ. ಅದರ ಬೇರಿನ ಗಂಟುಗಳಲ್ಲಿ ಫ್ರಾಂಕಿಯಾ ಅನ್ನುವ ಬ್ಯಾಕ್ಟೀರಿಯಾ ಇರುತ್ತದೆ. ತೊಗರಿ, ಹೆಸರು ಬೇರಿನ ಹಾಗೆ ಇದೂ ಗಾಳಿಯ ಸಾರಜನಕವನ್ನು ಹಿಡಿದು ಮರಕ್ಕೆ ಕೊಡುತ್ತದೆ. (ನಮ್ಮ ದೇಶದಲ್ಲೂ ಇದರ ದಾಯಾದಿ ಇದೆ. ಸಿಕ್ಕಿಂನಲ್ಲಿ ದೊಡ್ಡ ಏಲಕ್ಕಿ ತೋಟಕ್ಕೆ ನೆರಳು ಕೊಡುವುದು ಹಿಮಾಲಯದ ಆಲ್ಡರ್. ಏಲಕ್ಕಿಗೆ ನೆರಳೂ ಆಯಿತು, ಗೊಬ್ಬರವೂ ಆಯಿತು.)

ಎಲೆ ದುಂಡಗೆ, ಕಡು ಹಸಿರು. ಮುಖ್ಯ ಗುರುತು ತುದಿಯಲ್ಲಿದೆ: ಚೂಪಾಗಿರುವುದಿಲ್ಲ, ಒಳಕ್ಕೆ ಸಣ್ಣ ಕಚ್ಚು ಬಿದ್ದಿರುತ್ತದೆ, ಯಾರೋ ತುದಿಯನ್ನು ಕಚ್ಚಿಕೊಂಡು ಹೋದ ಹಾಗೆ. ಎಳೆ ಎಲೆ ಮುಟ್ಟಿದರೆ ಬೆರಳಿಗೆ ಅಂಟುತ್ತದೆ. ಕೊಂಬೆಯಲ್ಲಿ ಹೋದ ವರ್ಷದ ಕಪ್ಪು ಪುಟ್ಟ ಕಾಯಿಗಳು ಪೈನ್ ಕಾಯಿಯ ಮರಿಗಳ ಹಾಗೆ ನೇತಾಡುತ್ತಿದ್ದರೆ ಅನುಮಾನವೇ ಬೇಡ. ರಸ್ತೆ ಬದಿಗೆ ನೆಡುವ ಇಟಾಲಿಯನ್ ಆಲ್ಡರಿಗೂ ಕಾಯಿ ಇರುತ್ತದೆ. ಆದರೆ ಅದರ ಎಲೆ ಹೃದಯದ ಆಕಾರ, ಮೇಲೆ ಹೊಳಪು. ನಿಮಗೆ ಬೇಕಾದದ್ದು ಹೊಳೆದಂಡೆಯ ಸಾದಾ ಆಲ್ಡರ್.

ಎತ್ತರದ ಮರ ನೋಡಿ ಕತ್ತು ನೋಯಿಸಿಕೊಳ್ಳಬೇಡಿ. ಕಡಿದ ಬುಡದಿಂದ ಚಿಗುರಿದ ಪೊದೆ, ಹಾದಿಗೆ ಬಾಗಿದ ಕೊಂಬೆ, ಅಂಥದ್ದು ಸಾಕು. ಎದೆ ಎತ್ತರದಲ್ಲೇ ನೂರಾರು ಎಲೆ ಸಿಗುತ್ತವೆ.

3. ಯಾವಾಗ ಹೋಗಬೇಕು

ಈ ಪತಂಗಕ್ಕೆ ವರ್ಷಕ್ಕೆ ಒಂದೇ ಪೀಳಿಗೆ. ಜುಲೈ, ಆಗಸ್ಟಿನಲ್ಲಿ ಮರಿಹುಳು. ಶರತ್ಕಾಲದಲ್ಲಿ ಪತಂಗ ಹೊರಗೆ ಬಂದು, ಚಳಿಗಾಲವೆಲ್ಲ ಎಲ್ಲೋ ಅಡಗಿ ಕೂತು, ವಸಂತದಲ್ಲಿ ಮತ್ತೆ ಎದ್ದು ಮೊಟ್ಟೆ ಇಡುತ್ತದೆ. ಹಾಗಾಗಿ ಎಲೆ ಓದಲು ಆಗಸ್ಟ್ ಒಳ್ಳೆಯದು. ಶಾಲೆಗೂ ರಜೆ.

ಮಳೆ ನಿಂತ ಮರುದಿನ ಹೋಗಬೇಡಿ. ಒದ್ದೆ ಎಲೆಯನ್ನು ಡಬ್ಬಿಗೆ ಹಾಕಿದರೆ ಬೂಸ್ಟು ಹಿಡಿಯುತ್ತದೆ.

ಜೊತೆಗೆ ಇಟ್ಟುಕೊಳ್ಳಬೇಕಾದದ್ದು: ಹತ್ತು ಪಟ್ಟು ದೊಡ್ಡದು ಮಾಡುವ ಕೈ ಭೂತಕನ್ನಡಿ, ಜಿಪ್ ಇರುವ ಪ್ಲಾಸ್ಟಿಕ್ ಚೀಲ, ಪೆನ್ಸಿಲ್, ಕಾಗದದ ಚೀಟಿ, ಮೊಣಕಾಲಿನವರೆಗೆ ಬರುವ ರಬ್ಬರ್ ಬೂಟು. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತೂರಿಸಿಕೊಳ್ಳಿ. ಮಲೆನಾಡಿನವರಿಗೆ ಉಣುಗಿನ ಭಯ ಹೊಸದಲ್ಲ, ಮಂಗನ ಕಾಯಿಲೆ ಹರಡುವುದೇ ಅದರಿಂದ. ಇಲ್ಲಿನ ಉಣುಗು ಲೈಮ್ ಕಾಯಿಲೆ ತರುತ್ತದೆ. ಮನೆಗೆ ಬಂದ ಮೇಲೆ ಮೈಯೆಲ್ಲ ನೋಡಿಕೊಳ್ಳಿ, ಮಕ್ಕಳ ಮೊಣಕಾಲಿನ ಹಿಂಭಾಗ, ಕಿವಿಯ ಹಿಂದೆ ಕೂಡ. ಸಂರಕ್ಷಿತ ಜಾಗವಾದರೆ ಎಲೆ ಕೀಳುವ ಮುಂಚೆ ಅಲ್ಲಿನವರನ್ನು ಕೇಳಿ.

4. ಎಲೆ ಓದುವುದು

ಇದಕ್ಕೇ ಜಾಸ್ತಿ ಹೊತ್ತು ಕೊಡಬೇಕು. ಕೊಂಬೆಯನ್ನು ನಿಧಾನವಾಗಿ ತಿರುಗಿಸಿ ಎಲೆಯ ಹಿಂಬದಿ ನೋಡಿ. ಮೇಲಿನಿಂದ ನೋಡುತ್ತಾ ಹೋದರೆ ಅರ್ಧಕ್ಕರ್ಧ ತಪ್ಪಿಹೋಗುತ್ತವೆ.

ನಮ್ಮ ಹುಳುವಿನ ಬದುಕಿನಲ್ಲಿ ಎರಡು ಅಂಕ. ಮೊದಲನೆಯದು ಎಲೆಯ ಒಳಗೆ. ಆಗ ಅದರ ತಲೆ ಚಪ್ಪಟೆ, ಬಾಯಿ ಕತ್ತರಿಯ ಅಲಗಿನ ಹಾಗೆ. ಎಲೆಯ ಕಣಗಳನ್ನು ಸೀಳಿ ರಸ ಹೀರುವುದಷ್ಟೇ ಕೆಲಸ. ಎರಡು ಮೂರು ಸಲ ಪೊರೆ ಬಿಟ್ಟ ಮೇಲೆ ದೇಹವೇ ಬೇರೆಯಾಗುತ್ತದೆ: ತಲೆ ದುಂಡಗಾಗುತ್ತದೆ, ಜಗಿಯುವ ಬಾಯಿ ಬರುತ್ತದೆ. ಆಮೇಲೆ ಸುರಂಗ ಬಿಟ್ಟು ಹೊರಗೆ ಬಂದು, ಎಲೆಯ ಅಂಚನ್ನು ಮಡಚಿ, ರೇಷ್ಮೆ ದಾರದಿಂದ ಬಿಗಿದು, ಆ ಮಡಿಕೆಯೊಳಗೆ ಕೂತು ಮೇಯುತ್ತದೆ. ಇದು ಎರಡನೇ ಅಂಕ. ನಿಮ್ಮ ಕಣ್ಣಿಗೆ ಬೀಳುವುದು ಹೆಚ್ಚಾಗಿ ಇದೇ: ಪುಸ್ತಕದ ಹಾಳೆಯ ಕಿವಿ ಮಡಚಿದ ಹಾಗೆ ಅಂಚು ಕೆಳಕ್ಕೆ ಮಡಚಿಕೊಂಡ ಎಲೆ.

ಮಡಿಕೆಯನ್ನು ಬಿಚ್ಚಬೇಡಿ. ಬೆಳಕಿಗೆ ಹಿಡಿಯಿರಿ. ಒಳಗೆ ಹುಳು ಮೇದಿದ್ದರೆ ಆ ಜಾಗದಲ್ಲಿ ಹಸಿರು ತೆಳುವಾಗಿ, ಎಣ್ಣೆ ಕಾಗದದ ಹಾಗೆ ಬೆಳಕು ಬಿಡುತ್ತದೆ. ಒಂದು ಮೂಲೆಯಲ್ಲಿ ಹಿಕ್ಕೆಯ ಕಪ್ಪು ರಾಶಿ. ಹುಳು ಇದ್ದರೆ ನೀವು ನೋಡುತ್ತಿರುವಾಗಲೇ ಒಂದು ನೆರಳು ಸರಿದಾಡುತ್ತದೆ. ಮಡಿಕೆಯ ಒಂದು ತುದಿ ತೆರೆದಿದ್ದು ಒಳಗೆ ಖಾಲಿ ಇದ್ದರೆ ಹುಳು ಆಗಲೇ ಹೊರಟುಹೋಗಿದೆ. ಅಂಥದ್ದನ್ನು ಮರದಲ್ಲೇ ಬಿಡಿ. ಅಕ್ಕಪಕ್ಕದ ಎಲೆಗಳ ಹಿಂಬದಿಯಲ್ಲಿ ಮಾತ್ರ ಒಮ್ಮೆ ಕಣ್ಣಾಡಿಸಿ.

ಈಗ ತೊಡಕು ಶುರು. ಇದೇ ಮರದಲ್ಲಿ ಇದರ ಅಣ್ಣ ಒಬ್ಬ ಇದ್ದಾನೆ, ಕ್ಯಾಲೊಪ್ಟಿಲಿಯಾ ಎಲಾಂಗೆಲ್ಲಾ. ಎಲ್ಲ ಕಡೆಯೂ ಸಿಗುತ್ತಾನೆ. ಅವನು ಅಂಚು ಮಡಚಿ ಸುಮ್ನೆ ಕೂರುವವನಲ್ಲ, ಎಲೆಯನ್ನು ಉದ್ದಕ್ಕೆ ಪತ್ರೊಡೆಯ ಹಾಗೆ ಸುತ್ತುತ್ತಾನೆ. ದೊಡ್ಡ ಸುರುಳಿ ಕಂಡರೆ ಹತ್ತಕ್ಕೆ ಒಂಬತ್ತು ಸಲ ಅವನದ್ದೇ ಅಂದುಕೊಳ್ಳಿ. ಆದರೆ ಅವನೂ ಚಿಕ್ಕವನಿದ್ದಾಗ ಚಿಕ್ಕದಾಗಿಯೇ ಮಡಚುತ್ತಾನೆ. ನಾನು ಮೊದಲ ವರ್ಷ ‘ಸಿಕ್ಕೇಬಿಟ್ಟಿತು’ ಅಂತ ಕುಣಿದಾಡಿ ಮನೆಗೆ ತಂದ ಎಂಟು ಮಡಿಕೆಗಳಲ್ಲಿ ಪತಂಗ ಬಂದದ್ದು ಮೂರರಿಂದ. ಮೂರೂ ಎಲಾಂಗೆಲ್ಲಾ. ಅವತ್ತು ಎಲೆ ತುಂಬಿದ ಚೀಲ ನೋಡಿ ನಮ್ಮನೆಯವರು, “ಏನೇ, ರಾತ್ರಿಗೆ ಪತ್ರೊಡೆನಾ?” ಅಂದಿದ್ದರು. ಆ ಮಾತು ಅಷ್ಟು ಸರಿಯಾಗಿ ಹೊಂದುತ್ತದೆ ಅಂತ ಆಗ ಗೊತ್ತಿರಲಿಲ್ಲ.

5. ಬೇರೆ ಬಾಡಿಗೆದಾರರು

ಒಂದೇ ಆಲ್ಡರ್ ಎಲೆಯಲ್ಲಿ ನಾಲ್ಕೈದು ಬಗೆಯ ಹುಳು ಬಾಡಿಗೆಗೆ ಇರಬಹುದು. ಪರಿಚಯ ಮಾಡಿಕೊಂಡರೆ ಗೊಂದಲ ಇರುವುದಿಲ್ಲ. ನಿಜ ಹೇಳಬೇಕೆಂದರೆ ಅಪರೂಪದ್ದು ಸಿಗದ ದಿನ ಖುಷಿ ಕೊಡುವುದು ಇವೇ.

ಎಲೆಯ ಹಿಂಬದಿಯಲ್ಲಿ ಎರಡು ನರಗಳ ನಡುವೆ ಉಬ್ಬಿದ ಗುಡಾರ ಕಂಡರೆ ಅದು ಫಿಲ್ಲೊನೊರಿಕ್ಟರ್ ಗುಂಪಿನದ್ದು. ಹುಳು ಒಳಗಿನಿಂದ ರೇಷ್ಮೆ ಹೊದಿಸುತ್ತದೆ. ಅದು ಒಣಗಿ ಕುಗ್ಗಿದಾಗ ಸಿಪ್ಪೆ ನೆರಿಗೆ ಬಿದ್ದು, ಎಲೆ ಮೇಲಕ್ಕೆ ಬಾಗಿ ಗುಡಾರವಾಗುತ್ತದೆ. ಗುಡಾರ ಚಿಕ್ಕದಾಗಿದ್ದು ಒಂದೇ ಗಟ್ಟಿ ನೆರಿಗೆ ಇದ್ದರೆ ಫಿಲ್ಲೊನೊರಿಕ್ಟರ್ ರಾಜೆಲ್ಲಾ. ನಮ್ಮ ‘ರಾಜ’ನಿಗೂ ಅದಕ್ಕೂ ಸಂಬಂಧ ಇಲ್ಲ. ಇಂಗ್ಲೆಂಡಿನ ನಿಸರ್ಗ ವಿಜ್ಞಾನಿ ಜಾನ್ ರೇ ನೆನಪಿಗೆ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ 1758ರಲ್ಲಿ ಇಟ್ಟ ಹೆಸರು. ನರಗಳ ನಡುವೆ ಉದ್ದಕ್ಕೆ ಎರಡೂವರೆ ಸೆಂಟಿಮೀಟರ್ ದಾಟಿ, ಸಣ್ಣ ಸಣ್ಣ ನೆರಿಗೆ ತುಂಬ ಇದ್ದರೆ ಫ್ರೋಲಿಕಿಯೆಲ್ಲಾ. ಗುಡಾರ ಎಲೆಯ ಮೇಲ್ಭಾಗದಲ್ಲೇ ಇದ್ದರೆ ಸ್ಟೆಟ್ಟಿನೆನ್ಸಿಸ್, ಆಲ್ಡರಿನಲ್ಲಿ ಮೇಲ್ಭಾಗಕ್ಕೆ ಗುಡಾರ ಹಾಕುವ ಫಿಲ್ಲೊನೊರಿಕ್ಟರ್ ಅದೊಂದೇ.

ತೆಳ್ಳಗೆ ಹಾವು ಹರಿದ ಹಾಗೆ ಅಂಕುಡೊಂಕು ದಾರಿ ಇದ್ದರೆ ಸ್ಟಿಗ್ಮೆಲ್ಲಾ ಜಾತಿಯದ್ದಿರಬಹುದು. ಅದರ ಪತಂಗ ಇನ್ನೂ ಚಿಕ್ಕದು, ರೆಕ್ಕೆ ಬಿಚ್ಚಿದರೆ ಐದು ಮಿಲಿಮೀಟರ್ ಆಸುಪಾಸು.

ನನಗೆ ಅತಿ ಇಷ್ಟವಾದದ್ದು ಹೆಲಿಯೋಜೆಲಾ ರೆಸ್ಪ್ಲೆಂಡೆಲ್ಲಾ. ಎಲೆಯಲ್ಲಿ ನಾಲ್ಕೈದು ಮಿಲಿಮೀಟರಿನ ಮೊಟ್ಟೆಯಾಕಾರದ ತೂತು, ಕಾಗದ ಪಂಚ್ ಮಾಡಿದಷ್ಟು ನೀಟು. ಹುಳು ಮೊದಲು ನರದೊಳಗೇ ಕೊರೆಯುತ್ತದೆ, ಆಮೇಲೆ ಸಣ್ಣ ಕೋಣೆ ಮಾಡಿಕೊಳ್ಳುತ್ತದೆ. ಕೊನೆಗೆ ಕೋಣೆಯ ಮೇಲಿನ ಸಿಪ್ಪೆ ಕೆಳಗಿನ ಸಿಪ್ಪೆ ಎರಡನ್ನೂ ಸೇರಿಸಿ ಹೊಲಿದು, ಸುತ್ತ ಕತ್ತರಿಸಿಕೊಂಡು, ಆ ಚೀಲದ ಸಮೇತ ನೆಲಕ್ಕೆ ಉದುರುತ್ತದೆ. ದರ್ಜಿಯೂ ಅದೇ, ಬಟ್ಟೆಯೂ ಅದರದ್ದೇ.

ಪತಂಗ ಅಲ್ಲದವೂ ಇವೆ. ಅಗಲವಾದ ಕಂದು ಮಚ್ಚೆ, ಒಳಗೆ ಹಲವು ಹುಳುಗಳು ಒಟ್ಟಿಗೆ ಇದ್ದರೆ ಅದು ಗರಗಸ ಕಣಜದ ಮರಿ. ಎಲೆಯೆಲ್ಲ ಜರಡಿಯಾಗಿ, ಮೇಲೆ ನೀಲಿ ಮಿಂಚಿನ ಜೀರುಂಡೆ ಕೂತಿದ್ದರೆ ಆಲ್ಡರ್ ಎಲೆ ಜೀರುಂಡೆ. ಬ್ರಿಟನ್ನಿನಿಂದ ಅಳಿದೇ ಹೋಯಿತು ಅಂದುಕೊಂಡಿದ್ದ ಈ ಜೀರುಂಡೆ 2004ರಲ್ಲಿ ಮ್ಯಾಂಚೆಸ್ಟರ್ ಕಡೆ ಮತ್ತೆ ಕಾಣಿಸಿಕೊಂಡು ಈಗ ಜೋರಾಗಿ ಹರಡುತ್ತಿದೆ. ಅದು ಮೇದ ಮರದಲ್ಲಿ ನಿಮಗೆ ಓದಲು ಎಲೆಯೇ ಉಳಿದಿರುವುದಿಲ್ಲ, ಮುಂದಿನ ಮರಕ್ಕೆ ನಡೆಯಿರಿ.

6. ಮನೆಯಲ್ಲಿ ಸಾಕುವುದು

ಒಂದು ಮರದಿಂದ ಎರಡು ಮೂರು ಮಡಿಕೆ ಸಾಕು. ಅಪರೂಪದ್ದನ್ನು ಹುಡುಕುತ್ತಾ ಇರುವುದನ್ನೇ ಬಾಚಿಕೊಂಡು ಬಂದರೆ ಏನು ಬಂತು, ಅಲ್ವಾ?

ಎಲೆಯನ್ನು ತೊಟ್ಟಿನ ಸಮೇತ, ಆದರೆ ಪುಟ್ಟ ಕೊಂಬೆಯ ತುದಿಯ ಜೊತೆಗೇ ಕತ್ತರಿಸಿ. ಆಲ್ಡರ್ ಎಲೆ ಬೇಗ ಬಾಡುತ್ತದೆ. ಕೊಂಬೆಯ ಬುಡಕ್ಕೆ ಒದ್ದೆ ಹತ್ತಿ ಸುತ್ತಿ, ಹತ್ತಿಗೆ ಪ್ಲಾಸ್ಟಿಕ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಮೊಸರಿನದ್ದೋ ಸ್ವೀಟಿನದ್ದೋ ಪಾರದರ್ಶಕ ಡಬ್ಬಿಯ ತಳಕ್ಕೆ ಟಿಶ್ಯೂ ಕಾಗದ ಹಾಸಿ, ಅದರ ಮೇಲೆ ಇಡಿ. ಒಂದು ಡಬ್ಬಿಗೆ ಒಂದೇ ಮಡಿಕೆ. ಎರಡನ್ನು ಒಂದೇ ಡಬ್ಬಿಗೆ ಹಾಕಿದರೆ ಯಾವುದು ಯಾವ ಎಲೆಯಿಂದ ಬಂತು ಅಂತ ಆಮೇಲೆ ಹೇಳಲು ಆಗುವುದಿಲ್ಲ.

ಚೀಟಿ ಬರೆದು ಡಬ್ಬಿಯ ಒಳಗೇ ಹಾಕಿ: ತಾರೀಖು, ಜಾಗ, ಮರ, ಮಡಿಕೆ ಹೇಗಿತ್ತು. ಪೆನ್ಸಿಲಿನಲ್ಲೇ ಬರೆಯಿರಿ, ತೇವಕ್ಕೆ ಇಂಕು ಹರಡುತ್ತದೆ. ಮುಚ್ಚಳದ ಮೇಲೆ ಬರೆದರೆ ಮುಚ್ಚಳ ಅದಲು ಬದಲಾಗುತ್ತದೆ. ಮಾಡಿ ನೋಡಿ ಕಲಿತದ್ದು ಇದು.

ಬಿಸಿಲು ಬೀಳದ ತಂಪು ಜಾಗ ಸಾಕು. ಅಡುಗೆಮನೆ ಬೇಡ, ಒಗ್ಗರಣೆ ಹೊಗೆಗೂ ಹುಳುವಿಗೂ ಆಗಿಬರುವುದಿಲ್ಲ ಅಂತ ನನ್ನ ಗುಮಾನಿ. ಎರಡು ದಿನಕ್ಕೊಮ್ಮೆ ನೋಡಿ. ಮುಚ್ಚಳದ ಒಳಗೆ ನೀರಿನ ಹನಿ ಕಟ್ಟಿದ್ದರೆ ಒರೆಸಿ, ಟಿಶ್ಯೂ ಬದಲಿಸಿ. ಎಲೆ ಬಾಡಿದರೆ ಅದೇ ಮರದ ಹೊಸ ಎಲೆಯನ್ನು ಪಕ್ಕದಲ್ಲಿಡಿ, ಬೇಕಿದ್ದರೆ ಹುಳು ತಾನೇ ದಾಟಿಕೊಳ್ಳುತ್ತದೆ.

ಒಂದು ದಿನ ಹುಳು ಮಡಿಕೆ ಬಿಟ್ಟು ಹೊರಗೆ ಬರುತ್ತದೆ. ಗಾಬರಿ ಬೇಡ. ಎಲೆಯ ಹಿಂಬದಿಗೋ ಡಬ್ಬಿಯ ಗೋಡೆಗೋ ಅಂಟಿಕೊಂಡು ತೆಳು ಗೂಡು ನೇಯುತ್ತದೆ. ರೇಷ್ಮೆ ಗೂಡಿನ ಹಾಗೆ ದಪ್ಪ ಅಲ್ಲ, ಬಿಸ್ಕತ್ತಿನ ಪೊಟ್ಟಣಕ್ಕೆ ಸುತ್ತುವ ಹೊಳಪು ಹಾಳೆಯ ಹಾಗೆ. ಪತಂಗ ಬಂದ ದಿನ ಖಾಲಿ ಕೋಶದ ಸಿಪ್ಪೆ ಗೂಡಿನಿಂದ ಅರ್ಧ ಹೊರಗೆ ಚಾಚಿಕೊಂಡಿರುತ್ತದೆ.

ಕೆಲವು ಸಲ ಪತಂಗದ ಬದಲು ಕಪ್ಪಗೆ ಮಿರುಗುವ ಪುಟ್ಟ ಕಣಜ ಹೊರಗೆ ಬರುತ್ತದೆ. ಹುಳು ಎಲೆಯೊಳಗೆ ಇದ್ದಾಗಲೇ ತಾಯಿ ಕಣಜ ಮೊಟ್ಟೆ ಇಟ್ಟು ಹೋಗಿರುತ್ತದೆ. ನನ್ನ ಎಂಟರಲ್ಲಿ ನಾಲ್ಕು ಹೀಗೇ ಆದವು. ಮೊದಲು ಅಳುವೇ ಬಂದಿತ್ತು. ಈಗ ಕಣಜ ಬಂದರೂ ಬರೆದಿಡುತ್ತೇನೆ, ಅದನ್ನು ಅಭ್ಯಾಸ ಮಾಡುವವರೂ ಇದ್ದಾರೆ.

7. ಪತಂಗವನ್ನು ನೋಡುವುದು

ಡಬ್ಬಿಯನ್ನು ಹತ್ತು ನಿಮಿಷ ಫ್ರಿಜ್ಜಿನಲ್ಲಿಡಿ. ಫ್ರೀಜರಿನಲ್ಲಿ ಅಲ್ಲ! ಪತಂಗ ತಣ್ಣಗಾಗಿ ಅಲ್ಲಾಡದೆ ಕೂರುತ್ತದೆ. ಕೂರುವ ಭಂಗಿಯೇ ಕ್ಯಾಲೊಪ್ಟಿಲಿಯಾ ಗುಂಪಿನ ಸಹಿ. ಮುಂಗಾಲುಗಳನ್ನು ಊರಿ ಎದೆ ಎತ್ತಿರುತ್ತದೆ, ಬಾಲದ ತುದಿ ನೆಲ ಮುಟ್ಟಿರುತ್ತದೆ, ದೇಗುಲದ ಮುಂದಿನ ನಂದಿಯ ಹಾಗೆ ಕತ್ತು ಮೇಲೆ. ಮೀಸೆ ಮೈಯಷ್ಟೇ ಉದ್ದ.

ಪಕ್ಕದಿಂದ, ಮೇಲಿನಿಂದ, ಮುಂದಿನಿಂದ ಫೋಟೊ ತೆಗೆಯಿರಿ. ಕಾಲಿನ ಬಣ್ಣವೂ ಬರಲಿ. ಒಂದು ಫೋಟೊದಲ್ಲಿ ಮಿಲಿಮೀಟರ್ ಪಟ್ಟಿ ಪಕ್ಕಕ್ಕಿರಲಿ. ಎಲಾಂಗೆಲ್ಲಾ ಕೆಂಪು ಕಂದಿನಿಂದ ಹುಲ್ಲಿನ ಬಣ್ಣದವರೆಗೆ ಹತ್ತು ವೇಷ ಹಾಕುತ್ತದೆ. ಹಾಗಾಗಿ ಬಣ್ಣ ಒಂದನ್ನೇ ನಂಬಿ ‘ಗಿಡುಗನ ರೆಕ್ಕೆ’ ಅಂತ ತೀರ್ಮಾನ ಮಾಡಬೇಡಿ. ತಜ್ಞರೂ ಎಷ್ಟೋ ಸಲ ಹೊಟ್ಟೆಯ ತುದಿಯ ಅಂಗಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಹೇಳುವುದು.

ಆಗಸ್ಟಿನಲ್ಲಿ ಬಿಡುವಾಗಲಿಲ್ಲ ಅಂದರೆ ಚಳಿಗಾಲದಲ್ಲಿ ಇನ್ನೊಂದು ದಾರಿ ಇದೆ. ಬಿಳಿ ಕೊಡೆಯನ್ನು ತಲೆಕೆಳಗಾಗಿ ಹಿಡಿದು, ಆಲ್ಡರ್ ಹತ್ತಿರದ ಐವಿ ಬಳ್ಳಿ, ಯೂ ಮರ, ಹಾಲಿ ಪೊದೆಗಳನ್ನು ಕೋಲಿನಿಂದ ಮೆಲ್ಲಗೆ ತಟ್ಟಿ. ಚಳಿಗೆ ಅಡಗಿದ ಕ್ಯಾಲೊಪ್ಟಿಲಿಯಾಗಳು ಕೊಡೆಗೆ ಉದುರುತ್ತವೆ. ಇಲ್ಲಿ ಎಲೆಯ ಸಾಕ್ಷಿ ಇರುವುದಿಲ್ಲವಾದ್ದರಿಂದ ಹೆಸರು ಹೇಳುವುದು ಇನ್ನೂ ಕಷ್ಟ.

8. ದಾಖಲೆ

ಬ್ರಿಟನ್ನಿನಲ್ಲಿ ದಾಖಲೆಗೆ ನಾಲ್ಕು ಸಂಗತಿ ಬೇಕು: ಏನು, ಎಲ್ಲಿ, ಯಾವಾಗ, ಯಾರು ಕಂಡರು. ‘ಎಲ್ಲಿ’ ಅನ್ನುವುದಕ್ಕೆ ಊರ ಹೆಸರು ಸಾಲದು, ಬ್ರಿಟನ್ನಿನ ಸರ್ಕಾರಿ ನಕ್ಷೆಯಾದ ಆರ್ಡ್‌ನೆನ್ಸ್ ಸರ್ವೆಯ ಎರಡು ಅಕ್ಷರ, ಆರು ಅಂಕಿ ಕೊಡಿ. ಅದು ನೂರು ಮೀಟರ್ ಚೌಕದವರೆಗೆ ಜಾಗ ತೋರಿಸುತ್ತದೆ. ಪ್ರತಿ ಕೌಂಟಿಗೂ ಪತಂಗದ ದಾಖಲೆ ನೋಡಿಕೊಳ್ಳುವವರು ಇದ್ದಾರೆ, ಹೆಚ್ಚಿನವರು ಸಂಬಳ ಇಲ್ಲದೆ ಪ್ರೀತಿಗೆ ಮಾಡುವವರು. ಕಂಡ ಜೀವಿಗಳ ದಾಖಲೆ ಹಾಕುವ ಐರೆಕಾರ್ಡ್ ಜಾಲತಾಣದಲ್ಲಿ ಹಾಕಿದರೂ ಅವರಿಗೆ ತಲುಪುತ್ತದೆ. ಅನುಮಾನ ಇದ್ದರೆ ‘ಕ್ಯಾಲೊಪ್ಟಿಲಿಯಾ, ಜಾತಿ ಗೊತ್ತಾಗಿಲ್ಲ’ ಅಂತಲೇ ಬರೆಯಿರಿ. ತಪ್ಪು ಹೆಸರು ಹಾಕಿ ಆಮೇಲೆ ಅಳಿಸಿಕೊಳ್ಳುವುದಕ್ಕಿಂತ ಅದು ವಾಸಿ.

ಪತಂಗವನ್ನು ಇರಿಸಿಕೊಳ್ಳಬೇಕಾ, ಬಿಡಬೇಕಾ ಅಂತ ಬಿಡುವ ಮುಂಚೆಯೇ ಅವರನ್ನು ಕೇಳಿ. ಬಿಡಬಹುದು ಅಂದರೆ ಎಲೆ ಕಿತ್ತ ಅದೇ ಮರಕ್ಕೆ ಸಂಜೆ ಹೊತ್ತು ಒಯ್ದು, ಡಬ್ಬಿಯ ಬಾಯನ್ನು ಕಾಂಡಕ್ಕೆ ತಾಗಿಸಿ ಹಿಡಿಯಿರಿ. ಹಾರಿಹೋಗುತ್ತದೆ ಅಂತ ಕಾಯಬೇಡಿ, ಬಹಳ ಸಲ ನಡೆದುಕೊಂಡೇ ತೊಗಟೆಯ ಬಿರುಕಿಗೋ ಐವಿ ಎಲೆಯ ಅಡಿಗೋ ಹೋಗಿಬಿಡುತ್ತದೆ. ಖಾಲಿ ಡಬ್ಬಿ ತೊಳೆಯುವ ಮುಂಚೆ ಮಡಿಕೆಯ ಎಲೆ ಮತ್ತು ಗೂಡನ್ನು ಹಳೇ ಪುಸ್ತಕದ ನಡುವೆ ಒತ್ತಿ ಒಣಗಿಸಿ, ಚೀಟಿಯ ಜೊತೆ ಲಕೋಟೆಯಲ್ಲಿ ಎತ್ತಿಡಿ. ಆರು ತಿಂಗಳ ಮೇಲೂ ಯಾರಾದರೂ ಅದನ್ನು ಕೇಳಬಹುದು.